ಹನುಮಕ್ಕನ ಹೇಳಿಕೆ

ಗ್ರಾಮ ಸಚಿವಾಲಯಗಳಿಗೆ ಹೊಸದಾಗಿ ಸೇರಿದ ಮಕ್ಕಳು ರಾಯದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ಕಂಡರೆ ನಿಲ್ಲಿಸಿ ಮಾತಾಡಿಸುತ್ತಾರೆ. ಹಳೇ ಅಡಂಗಲ್, ಅಂದರೆ ಪಹಣಿ, ಓದುವುದು ಹೇಗೆ, ಹದ್ದಿನ ಕಲ್ಲು ಸಿಗದಿದ್ದರೆ ಅಳತೆ ಎಲ್ಲಿಂದ ಹಿಡಿಯಬೇಕು ಎಂದು ಕೇಳುತ್ತಾರೆ. ಹೇಳಿಕೊಡುತ್ತೇನೆ. ಹೊಲದ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಕಡಿಮೆ ಎಂಬ ಜಂಬ ನಿವೃತ್ತಿಯಾದರೂ ಹೋಗಿಲ್ಲ. ಆದರೆ ಜಾತಿ ಸರ್ಟಿಫಿಕೇಟಿಗೆ ವಿಚಾರಣೆ ಮಾಡುವುದು ಹೇಗೆಂದು ಇದುವರೆಗೆ ಒಬ್ಬರೂ ಕೇಳಿಲ್ಲ. ಅದೇನು ಮಹಾ, ಮನೆಗೆ ಹೋಗಿ ನಾಲ್ಕು ಸಾಲು ಬರೆದುಕೊಂಡು ಬರುವುದು ಎಂದುಕೊಂಡಿದ್ದಾರೆ. ನಾನೂ ಹಾಗೆಯೇ ಅಂದುಕೊಂಡಿದ್ದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ವೀರಭದ್ರಪ್ಪ. ಗಡಿಗೆ ಅಂಟಿದ ಈ ತೆಲುಗು ರಾಜ್ಯದಲ್ಲಿ ಮೊದಲು ಮಡಕಶಿರಾದ ಕಡೆ, ಆಮೇಲೆ ರಾಯದುರ್ಗದ ಕಡೆ ವಿ.ಆರ್.ಓ. ಆಗಿದ್ದವನು, ಅಂದರೆ ಊರಿನ ಕಂದಾಯ ನೋಡಿಕೊಳ್ಳುವವನು. ಬಡ್ತಿ ಯಾವಾಗ ಬಂತು, ಯಾವಾಗ ಕೈ ತಪ್ಪಿತು ಎಂಬುದು ಇಲ್ಲಿ ಬೇಡ. ಅದರಿಂದ ಯಾರೂ ಏನೂ ಕಲಿಯುವುದಿಲ್ಲ.

ಕಾನೂನು ನಿಮಗೆ ಗೊತ್ತಿರಬಹುದು, ಆದರೂ ಹೇಳಿಬಿಡುತ್ತೇನೆ. ಪರಿಶಿಷ್ಟ ಜಾತಿಯವರು ಕ್ರೈಸ್ತ ಮತಕ್ಕೆ ಸೇರಿದರೆ ಎಸ್.ಸಿ. ಸರ್ಟಿಫಿಕೇಟಿಗೆ ಅರ್ಹರಲ್ಲ. ನಮ್ಮ ರಾಜ್ಯದಲ್ಲಿ ಅವರನ್ನು ಹಿಂದುಳಿದವರ ಪಟ್ಟಿಯಲ್ಲಿ ಬೇರೆ ಗುಂಪು ಮಾಡಿ ಹಾಕುತ್ತಾರೆ. ಅಲ್ಲಿಗೆ ಹೋದವರಿಗೆ ಎಸ್.ಸಿ. ಮೀಸಲು ಸೀಟಿಲ್ಲ, ಎಸ್.ಸಿ. ಕೋಟಾದ ಕೆಲಸವಿಲ್ಲ. ಊರಿನ ಹೋಟೆಲಿನವನು ಇಡುವ ಬೇರೆ ಲೋಟ ಮಾತ್ರ ಅವರನ್ನು ಬಿಟ್ಟು ಹೋಗುವುದಿಲ್ಲ. ಹೀಗಾಗಿ ನಮ್ಮ ಕಡೆಯ ಎಸ್.ಸಿ. ಕಾಲೋನಿಗಳಲ್ಲಿ ಭಾನುವಾರ ಪ್ರಾರ್ಥನೆಗೆ ಹೋಗುವವರು ಬಹಳ, ಕಾಗದದ ಮೇಲೆ ಕ್ರೈಸ್ತರು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಇವೆರಡರ ನಡುವೆ ನಿಂತು ಸಹಿ ಹಾಕುವವನೇ ವಿ.ಆರ್.ಓ.

ಮೊದಲ ತಪ್ಪು ಅಗಳಿ ಮಂಡಲದಲ್ಲಿ ಮಾಡಿದೆ. ಕೆಲಸಕ್ಕೆ ಸೇರಿ ವರ್ಷ ತುಂಬಿರಲಿಲ್ಲ. ಆಗಿನ ಆರ್.ಐ., ಅಂದರೆ ನನ್ನ ಮೇಲಿನ ರೆವಿನ್ಯೂ ಇನ್‌ಸ್ಪೆಕ್ಟರು, ವಿಚಾರಣೆಯ ಪಾಠವನ್ನು ಒಂದೇ ಉಸಿರಿನಲ್ಲಿ ಮುಗಿಸಿದ್ದರು. ಗೋಡೆ ನೋಡು, ಹಣೆ ನೋಡು, ಕೊರಳು ನೋಡು, ಸಮಾಧಿ ನೋಡು, ಬಾಯಿ ಮಾತು ನಂಬಬೇಡ. ನರಸಿಂಹಪ್ಪ ಎಂಬವನು ಹಾಸ್ಟೆಲಿನ ಅಡುಗೆ ಕೆಲಸಕ್ಕೆ ಅರ್ಜಿ ಹಾಕಿದ್ದ. ಅವನ ಮನೆಗೆ ಹೋಗುವ ದಾರಿಯಲ್ಲೇ ಅವನ ತಾಯಿಯ ಸಮಾಧಿ ಇತ್ತು, ಮೇಲೆ ಸಿಮೆಂಟಿನ ಶಿಲುಬೆ. ಮನೆಗೆ ಹೋಗುವ ಶ್ರಮವನ್ನೂ ತೆಗೆದುಕೊಳ್ಳದೆ ಸೈಕಲ್ ತಿರುಗಿಸಿದೆ. ಕುಟುಂಬ ಕ್ರೈಸ್ತ ಮತ ಅನುಸರಿಸುತ್ತಿದೆ ಎಂದು ವರದಿ ಕೊಟ್ಟೆ. ಒಳ್ಳೇ ಚುರುಕಾಗಿ ಕೆಲಸ ಮಾಡಿದೆ ಎಂದು ಬೀಗಿದ್ದೆ ಕೂಡ.

ಹದಿನೈದು ದಿನದ ಮೇಲೆ ಅವನು ಆಫೀಸಿನ ಬಾಗಿಲಲ್ಲಿ ನಿಂತಿದ್ದ. ಜಗಳಕ್ಕೆ ಬಂದಿದ್ದಾನೆ ಎಂದುಕೊಂಡೆ. ಅವನು ಜಗಳ ಮಾಡಲಿಲ್ಲ.

"ನಮ್ಮವ್ವ ಕ್ಷಯ ಬಂದು ಮಿಷನ್ ಆಸ್ಪತ್ರೆಲಿ ಸತ್ಲು ಸ್ವಾಮಿ. ನಮ್ಮೋರು ಹೆಣ ಮುಟ್ಟಕ್ಕೆ ಹೆದರ್ಕಂಡ್ರು. ಚರ್ಚಿನೋರೇ ಹೆಗಲು ಕೊಟ್ರು, ಅವರೇ ಕಲ್ಲು ನೆಟ್ರು. ಅದನ್ನ ಕಿತ್ತಾಕು ಅಂತ ಹೆಂಗೆ ಹೇಳ್ಲಿ? ನಾನಂತೂ ಇವತ್ತಿಗೂ ಚರ್ಚಿನ ಬಾಗ್ಲು ತುಳಿದಿಲ್ಲ. ನನ್ನ ಒಂದ್ ಮಾತು ಕೇಳ್ಬಾರ್ದಾಗಿತ್ತಾ?"

ಆಗಿನ ತಹಸೀಲ್ದಾರರು ನಿವೃತ್ತಿಗೆ ಹತ್ತಿರವಿದ್ದವರು, ಮಿತಭಾಷಿ. ಅವರು ವರದಿ ತಿದ್ದಿಸಿದರು. ಅಷ್ಟರಲ್ಲಿ ಅಡುಗೆಯ ಕೆಲಸ ಬೇರೆಯವರಿಗೆ ಹೋಗಿತ್ತು. ನನ್ನನ್ನು ಒಳಗೆ ಕರೆದು, "ಯಾರ ಮನೇಲಿ ಯಾವ ದೇವರು ಅಂತ ಹುಡುಕೋದಕ್ಕೆ ನಮಗೆ ಸಂಬಳ ಕೊಡ್ತಾರಪ್ಪ, ಏನು ಮಾಡೋಣ? ಆದರೆ ತೀರಾ ಆಸೆಪಟ್ಟು ಹುಡುಕಬೇಡ" ಅಂದರು. ಬೈದಿದ್ದರೆ ಮರೆಯುತ್ತಿದ್ದೆನೋ ಏನೋ. ನರಸಿಂಹಪ್ಪ ಆಮೇಲೆ ರೊಳ್ಳದ ಕಡೆ ರೇಷ್ಮೆ ಹುಳುವಿನ ಮನೆಯೊಂದರಲ್ಲಿ ಕೂಲಿಗೆ ಸೇರಿದ. ದಾರಿಯಲ್ಲಿ ಸಿಕ್ಕಾಗಲೆಲ್ಲ ನಮಸ್ಕಾರ ಮಾಡುತ್ತಿದ್ದ. ಆ ನಮಸ್ಕಾರಕ್ಕೆ ಹೆದರಿ ನಾನು ಎಷ್ಟೋ ಸಲ ಬೇರೆ ದಾರಿ ಹಿಡಿದಿದ್ದೇನೆ.

ಅಂದಿನಿಂದ ನಾನೊಂದು ಪದ್ಧತಿ ಮಾಡಿಕೊಂಡೆ. ವಿಚಾರಣೆಗೆ ಹೋಗುವ ಹಿಂದಿನ ದಿನ ಊರಿನ ತಳಾರಿಯ, ಅಂದರೆ ತಳವಾರನ, ಕೈಲಿ ಹೇಳಿ ಕಳಿಸುತ್ತಿದ್ದೆ: ನಾಳೆ ಸಾರ್ ಬರ್ತಾರೆ. ಅಷ್ಟು ಹೇಳಿದರೆ ಸಾಕು, ಕಾಲೋನಿಗೆ ಅರ್ಥವಾಗುತ್ತಿತ್ತು. ನಾನು ಹೋಗುವ ಹೊತ್ತಿಗೆ ಚರ್ಚಿನವರು ಹೊಸ ವರ್ಷಕ್ಕೆ ಕೊಟ್ಟ, ಬೈಬಲಿನ ಸಾಲು ಅಚ್ಚಾದ ವಾಗ್ದಾನದ ಕ್ಯಾಲೆಂಡರು ಗೋಡೆಯಿಂದ ಇಳಿದಿರುತ್ತಿತ್ತು, ಬೈಬಲ್ಲು ಅಕ್ಕಿ ಡಬ್ಬದ ಹಿಂದೆ ಸೇರಿರುತ್ತಿತ್ತು, ಹೆಂಗಸರ ಹಣೆಗೆ ಕುಂಕುಮ ಬಂದಿರುತ್ತಿತ್ತು. ಒಂದು ಊರಿನಲ್ಲಿ ಮೂಲೆ ಒಡೆದ ಗಾಜಿನ ಆಂಜನೇಯನ ಫೋಟೋ ಒಂದೇ ದಿನ ಮೂರು ಮನೆಗಳಲ್ಲಿ ನನಗೆ ದರ್ಶನ ಕೊಟ್ಟಿತು. ಮೂರನೇ ಮನೆಯಲ್ಲಿ ಯಜಮಾನ ಏದುಸಿರು ಬಿಡುತ್ತಿದ್ದ. ನಾನು ನಗು ತಡೆದುಕೊಂಡು ಬರೆದೆ.

ಬರೆಯುವುದು ಎಂದರೂ ತಪ್ಪು. ತೆಲುಗಿನಲ್ಲಿ ಒಂದು ನಮೂನೆ ಇತ್ತು. ಮೊದಲು ಸೈಕ್ಲೋಸ್ಟೈಲ್, ಆಮೇಲೆ ಜೆರಾಕ್ಸ್, ಆಮೇಲೆ ಕಂಪ್ಯೂಟರು. ನಮ್ಮ ಕುಟುಂಬ ಹಿಂದೂ ಸಂಪ್ರದಾಯ ಪಾಲಿಸುತ್ತಿದೆ, ಬೇರೆ ಮತಕ್ಕೆ ಸೇರಿಲ್ಲ ಎಂಬ ಸಾಲು ಅದರಲ್ಲಿ ಮೊದಲೇ ಅಚ್ಚಾಗಿರುತ್ತಿತ್ತು. ಹೆಸರು ತುಂಬಿ, ಹೆಬ್ಬೆಟ್ಟು ಒತ್ತಿಸಿಕೊಂಡರೆ ಮುಗಿಯಿತು. ನಿಮ್ಮ ದೇವರು ಯಾರು ಎಂದು ಒಬ್ಬರನ್ನೂ ಕೇಳಲಿಲ್ಲ. ಕೇಳದೇ ಇರುವುದೇ ಉಪಕಾರ ಎಂದು ನಂಬಿದ್ದೆ. ಎಷ್ಟೋ ಮಕ್ಕಳು ಓದಿದರು, ಕೆಲಸ ಹಿಡಿದರು. ನನಗೆ ಪುಣ್ಯ ಬಂತು ಎಂದೂ ಒಳಗೊಳಗೇ ಲೆಕ್ಕ ಹಾಕುತ್ತಿದ್ದೆ.

ಡಿ. ಹಿರೇಹಾಳ್ ಮಂಡಲಕ್ಕೆ ಬಂದದ್ದು ನೌಕರಿಯ ಕೊನೆಯ ವರ್ಷಗಳಲ್ಲಿ. ನಾನಿದ್ದ ಊರಿನ ಹೆಸರು ಬರೆಯುವುದಿಲ್ಲ. ಆ ಸಲ ಅಲ್ಲಿಯ ಸರ್ಪಂಚ್ ಸ್ಥಾನ, ಅಂದರೆ ಪಂಚಾಯ್ತಿಯ ಅಧ್ಯಕ್ಷಗಿರಿ, ಎಸ್.ಸಿ. ಮಹಿಳೆಗೆ ಮೀಸಲಾಗಿ ಹನುಮಕ್ಕ ಗೆದ್ದಿದ್ದಳು. ಐವತ್ತರ ಆಸುಪಾಸಿನ ವಿಧವೆ. ಮಗ ಬಳ್ಳಾರಿ ಕಡೆ ಗಾರೆ ಕೆಲಸಕ್ಕೆ ಹೋಗುತ್ತಿದ್ದ, ಸೊಸೆ ಇರಲಿಲ್ಲ, ಮೊಮ್ಮಗಳು ಸುನೀತಾಳನ್ನು ಇವಳೇ ಸಾಕುತ್ತಿದ್ದಳು. ಗೆಲ್ಲಿಸಿದವರು ಅವಳು ತಮ್ಮ ಮಾತು ಕೇಳಿಕೊಂಡು ಇರುತ್ತಾಳೆ ಎಂದುಕೊಂಡಿದ್ದರು. ಗೆದ್ದ ಮರುವಾರವೇ ಅವಳು ನನ್ನ ಮುಂದೆ ಬಂದು ನಿಂತಳು.

"ಸಾರ್, ನಮ್ಮ ಕಾಲೋನಿಗೆ ಸುಡುಗಾಡಿಲ್ರಿ. ಹಳ್ಳದ ದಂಡಿಗೆ ಮಣ್ಣು ಮಾಡ್ತೀವಿ, ಹಳ್ಳ ಬಂದಾಗ ಕೊಚ್ಚಿಕೊಂಡು ಹೋಗ್ತಾವ. ನನ್ನ ಗಂಡಂದು ಎಲ್ಲಿಗೆ ಹೋತೋ ಗೊತ್ತಿಲ್ರಿ. ಸರ್ಕಾರಿ ಜಾಗ ಎಲ್ಲೈತಿ ತೋರಸ್ರಿ, ಉಳಿದಿದ್ದು ನಾನು ನೋಡ್ಕೊಂತೀನಿ."

ಜಾಗ ತೋರಿಸಿದೆ. ಬೇರೆಯವರು ಬೇಲಿ ಹಾಕಿಕೊಂಡಿದ್ದ ಎರಡು ಎಕರೆ ಬಂಜರು. ಆಕೆ ಮಂಡಲದ ಆಫೀಸಿಗೆ ಅಲೆದಳು, ಸರ್ವೇ ಮಾಡಿಸಿದಳು, ಬೇಲಿ ಹಾಕಿದವರ ಮನೆ ಬಾಗಿಲಿಗೇ ಹೋಗಿ ಮಾತಾಡಿದಳು. ನನ್ನ ಇಡೀ ನೌಕರಿಯಲ್ಲಿ ಫೈಲಿನ ಹಿಂದೆ ಹಾಗೆ ನಡೆದ ಇನ್ನೊಬ್ಬರನ್ನು ನೋಡಿಲ್ಲ. ಫೈಲು ತಹಸೀಲ್ದಾರರನ್ನು ದಾಟಿ ಅವರ ಮೇಲಿನ ಆರ್.ಡಿ.ಓ. ಆಫೀಸಿನ ತನಕ ಹೋಯಿತು. ಒಂದು ಆರ್ಡರು ಬಂದರೆ ಆಗುತ್ತಿತ್ತು.

ಆ ಡಿಸೆಂಬರಿನಲ್ಲಿ ಕಾಲೋನಿಯ ಚರ್ಚಿನಲ್ಲಿ ಕ್ರಿಸ್‌ಮಸ್ ನಡೆಯಿತು. ಪಾಸ್ಟರು ಯೋಹಾನ ತಿಳಿವಳಿಕಸ್ಥ. ದಾಖಲೆಯಲ್ಲಿ ಅವನ ಹೆಸರು ರಾಮಾಂಜಿನಿ, ಎಸ್.ಸಿ. ಹಿಂದೂ, ಆ ಸರ್ಟಿಫಿಕೇಟಿಗೆ ವರದಿ ಬರೆದವನು ನಾನೇ. ಈಗೀಗ ಪ್ರಾರ್ಥನೆಯನ್ನೆಲ್ಲ ಫೋನಿನಲ್ಲಿ ಲೈವ್ ಬಿಡುವ ಹುಚ್ಚು ಅವನಿಗೂ ಹಿಡಿದಿತ್ತು. ಎರಡೂ ಪಾರ್ಟಿಯ ಮುಖಂಡರು ಬಂದು ಕೇಕು ಕತ್ತರಿಸಿದರು. ಕುಂಕುಮ ಇಟ್ಟುಕೊಂಡೇ ಆಮೆನ್ ಅಂದರು, ಫೋಟೋ ತೆಗೆಸಿಕೊಂಡರು. ಆಮೇಲೆ ಹನುಮಕ್ಕ ಮೈಕ್ ಹಿಡಿದು, ಗಂಡ ಸತ್ತು ಮಗನನ್ನು ಕಟ್ಟಿಕೊಂಡು ಬಾವಿಯ ಹತ್ತಿರ ಹೋಗಿದ್ದವಳನ್ನು ಯೇಸುಸ್ವಾಮಿ ವಾಪಸ್ ಕರೆತಂದ, ಈ ಸರ್ಪಂಚ್ ಕೆಲಸವೂ ಆತ ಕೊಟ್ಟದ್ದು ಎಂದು ಎರಡು ನಿಮಿಷ ಮಾತಾಡಿದಳು. ಸಂಕ್ರಾಂತಿ ಕಳೆಯುವಷ್ಟರಲ್ಲಿ ಆ ಎರಡು ನಿಮಿಷ ಪೆನ್‌ಡ್ರೈವಿನಲ್ಲಿ ತಹಸೀಲ್ದಾರರ ಮೇಜಿನ ಮೇಲಿತ್ತು. ಸರ್ಪಂಚ್ ಕ್ರೈಸ್ತಳು, ಸರ್ಟಿಫಿಕೇಟು ಸುಳ್ಳು, ರದ್ದು ಮಾಡಬೇಕು ಎಂದು ಅರ್ಜಿ. ಕೊಟ್ಟವನು ಎದುರು ಪಾರ್ಟಿಯ ಮುಖಂಡ. ಅದೇ ವಿಡಿಯೋದಲ್ಲಿ ಹನುಮಕ್ಕನ ಕೈಯಿಂದ ಕೇಕು ತಿನ್ನುತ್ತಿದ್ದವನು.

ಆಗಿನ ತಹಸೀಲ್ದಾರರು ನನ್ನ ಮಗಳ ವಯಸ್ಸಿನ ಹೆಣ್ಣುಮಗಳು, ಕಾನೂನು ಚೆನ್ನಾಗಿ ಓದಿಕೊಂಡವರು. "ವೀರಭದ್ರಪ್ಪಗಾರು, ಚರ್ಚಿಗೆ ಹೋದ ಮಾತ್ರಕ್ಕೆ, ಭಾಷಣ ಮಾಡಿದ ಮಾತ್ರಕ್ಕೆ ಮತ ಬದಲಾಯ್ತು ಅನ್ನೋಕ್ಕಾಗಲ್ಲ. ಆಕೆ ಏನು ಹೇಳ್ತಾಳೆ ಅನ್ನೋದು ಮುಖ್ಯ. ನಾನು ಹಿಂದೂ ಅಂತ ಒಂದು ಹೇಳಿಕೆ ಕೊಟ್ಟರೆ ಅರ್ಜಿ ವಜಾ ಮಾಡಬಹುದು" ಅಂದರು. ನನಗೆ ಉಸಿರು ಬಂದಂತಾಯಿತು. ಹೇಳಿಕೆ ತರುವುದು ನನ್ನ ಕೈಯಲ್ಲಿತ್ತಲ್ಲ.

ತಳಾರಿಯನ್ನು ಹಿಂದಿನ ದಿನವೇ ಕಳಿಸಿದೆ. ಅಂದು ಸಂಜೆ ಪಾಸ್ಟರು ನನ್ನನ್ನು ಹುಡುಕಿಕೊಂಡು ಬಂದ. ಮುಖ ಬಾಡಿತ್ತು. "ನಾನೂ ಹೇಳೀನ್ರಿ ಸಾರ್ ಆಕಿಗೆ. ಮನಸ್ಸಿನಾಗ ಇದ್ದರ ಸಾಕವ್ವ, ಕಾಗದದ ಮ್ಯಾಲ ಯಾಕ ಅಂತ. ಆಕಿ ಒಪ್ಪವಲ್ಲಳು. ನೀವಾದರೂ ಒಂದ್ ಮಾತು ಹೇಳ್ರಿ" ಅಂದ. ಅವನ ಸಂಕಟ ನನಗೆ ಗೊತ್ತಾಯಿತು. ಆಕೆ ನಿಜ ಹೇಳಿದರೆ ಅವನ ಸಭೆಯ ಎಲ್ಲರ ಕಾಗದದ ಮೇಲೂ ಕಣ್ಣು ಬೀಳುತ್ತಿತ್ತು, ಅವನದೂ ಸೇರಿ.

ಮರುದಿನ ಹೋದಾಗ ಕ್ಯಾಲೆಂಡರು ಗೋಡೆಯ ಮೇಲೇ ಇತ್ತು. ಹನುಮಕ್ಕ ಕುರ್ಚಿ ಹಾಕಿ, "ಬರ್ರಿ ಸಾರ್, ಕುಂದರ್ರಿ. ಏನು ಕೇಳಬೇಕು ಕೇಳ್ರಿ" ಅಂದಳು.

"ನಾನೇನೂ ಕೇಳಲ್ಲಮ್ಮ" ಅಂದೆ. "ಕೇಳಿದ್ರ ನೀನು ಹೇಳ್ತಿ. ಹೇಳಿದ್ರ ನಾನು ಬರೀಬೇಕಾಗ್ತೈತಿ. ಸುಮ್ಮನೆ ಒಂದ್ ಸಹಿ ಹಾಕು."

"ಕೇಳದಿದ್ರೂ ಹೇಳ್ತೀನ್ರಿ. ನಾನು ಹುಟ್ಟಿದ ಜಾತಿ ಬದಲಾಗಿಲ್ಲ, ಅದು ಊರಿನೋರಿಗೂ ಗೊತ್ತೈತಿ, ನಿಮಗೂ ಗೊತ್ತೈತಿ. ದೇವರು ಮಾತ್ರ ಯೇಸುಸ್ವಾಮಿ. ಇಪ್ಪತ್ತು ವರ್ಷ ಆತು. ಹಂಗ ಬರಕೊಳ್ರಿ."

ಬರೆಯುತ್ತಿರುವಂತೆ ಮಾಡಿದೆ. ಹಳೇ ನಮೂನೆಗೆ ಆಕೆಯ ಹೆಸರು, ಊರು ತುಂಬಿದೆ. ಆಮೇಲೆ ಕಾಗದ ಎತ್ತಿ ಹಿಡಿದು, ಆಕೆ ಹೇಳಿದ್ದನ್ನೇ ಓದುವವನಂತೆ ಓದಿ ಹೇಳಿದೆ. ಬರೆದದ್ದು ಒಂದು, ಓದಿದ್ದು ಇನ್ನೊಂದು. ಸಹಿಯಷ್ಟೇ ಕಲಿತ ಸರ್ಪಂಚರನ್ನು ನಾನು ಬಹಳ ಕಂಡಿದ್ದೆ, ಈಕೆಯೂ ಹಾಗೇ ಎಂದುಕೊಂಡಿದ್ದೆ. ಪೆನ್ನು ಕೊಟ್ಟೆ.

ಆಕೆ ಪೆನ್ನು ಕೆಳಗಿಟ್ಟಳು. ಬೆರಳನ್ನು ಮೊದಲ ಸಾಲಿನ ಮೇಲಿಟ್ಟು, ತುಟಿ ಅಲುಗಿಸುತ್ತ, ಒಂದೊಂದೇ ತೆಲುಗು ಅಕ್ಷರ ಓದತೊಡಗಿದಳು. ಮೂವತ್ತು ವರ್ಷದಲ್ಲಿ ನಾನು ಬರೆದ ಹೇಳಿಕೆಯನ್ನು ಸಹಿಗೆ ಮುಂಚೆ ಓದಿದವರು ಯಾರೂ ಇರಲಿಲ್ಲ.

"ಇದರಾಗ ನಾನು ಹೇಳಿದ್ದಿಲ್ಲಲ್ರಿ ಸಾರ್."

"ನಿನಗೆ ಓದಾಕ ಬರ್ತೈತಿ ಅಂತ..."

"ಬೈಬಲ್ ಓದಾಕಂತನ ಮೂವತ್ತು ದಾಟಿದ ಮ್ಯಾಲ ಕಲ್ತೀನ್ರಿ."

ನಿನ್ನ ಒಳ್ಳೆಯದಕ್ಕೇ ಬರೆದೆ ಅಂದೆ. ಸುಡುಗಾಡಿನ ಫೈಲು ನೆನಪು ಮಾಡಿದೆ. ಮೊಮ್ಮಗಳ ಓದು ನೆನಪು ಮಾಡಿದೆ. ಕೊನೆಗೆ ಸಿಟ್ಟೂ ಬಂತು. ಇಡೀ ಕಾಲೋನಿಯೇ ಸುಳ್ಳು ಬರೆಸಿದೆ, ನೀನೊಬ್ಬಳು ಸತ್ಯವಂತೆಯೇನು ಎಂದುಬಿಟ್ಟೆ. ಆಕೆ ದನಿ ಎತ್ತಲಿಲ್ಲ.

"ಅವರದ್ದು ನನಗ ಗೊತ್ತಿಲ್ರಿ. ಹೊಟ್ಟಿಪಾಡು, ಮಕ್ಕಳ ಚಿಂತಿ, ಅವರನ್ನ ನಾನು ಬಯ್ಯಂಗಿಲ್ಲ. ನಿಮ್ಮ ಕೊರಳಾಗ ಲಿಂಗ ಐತಲ್ರಿ ಸಾರ್. ಅದು ನಂದಲ್ಲ ಅಂತ ಬರದುಕೊಟ್ಟು ಕೆಲಸ ತಗೋ ಅಂತ ನಿಮಗ ಯಾರಾದರೂ ಅಂದಾರೇನ್ರಿ?"

ಯಾರೂ ಅಂದಿರಲಿಲ್ಲ. ಹಾಗೊಂದು ಪ್ರಶ್ನೆ ಇರಬಹುದು ಎಂದೂ ನನಗೆ ಹೊಳೆದಿರಲಿಲ್ಲ. ನಮೂನೆ ಹರಿದು ಬಿಳಿ ಹಾಳೆ ತೆಗೆದೆ. ಆಕೆ ಹೇಳಿದ್ದನ್ನು ಹೇಳಿದಂತೆ ಬರೆದೆ. ಓದಿ ಸಹಿ ಹಾಕಿದಳು. ಆ ಕಾಗದ ಹಿಡಿದು ಬೈಕಿನ ತನಕ ನಡೆಯುವಷ್ಟರಲ್ಲಿ ನನಗೆ ನಾಚಿಕೆಯಿಂದ ಕಣ್ಣು ತುಂಬಿತ್ತು.

ಮುಂದಿನದು ಕಾನೂನಿನ ಪ್ರಕಾರವೇ ನಡೆಯಿತು. ಸರ್ಟಿಫಿಕೇಟು ರದ್ದಾಯಿತು, ಸರ್ಪಂಚ್ ಸ್ಥಾನ ಹೋಯಿತು. ಸುಡುಗಾಡಿನ ಫೈಲು ಎಲ್ಲಿತ್ತೋ ಅಲ್ಲೇ ಉಳಿಯಿತು, ಬೇಲಿ ಇನ್ನೂ ಎರಡು ಮಾರು ಮುಂದೆ ಬಂತು. ಪಾಸ್ಟರು ಲೈವ್ ನಿಲ್ಲಿಸಿದ. ಕಾಲೋನಿಯವರು ಹನುಮಕ್ಕನ ಮೇಲೆ ಮುನಿಸಿಕೊಂಡರು. ನಮ್ಮ ಮಕ್ಕಳ ಕಾಗದಕ್ಕೂ ಬೆಂಕಿ ಹಚ್ಚಿದಳು ಎಂದು ಸ್ವಂತ ಮೈದುನನೇ ಮಾತು ಬಿಟ್ಟ. ಆಕೆ ಮತ್ತೆ ಕೂಲಿಗೆ ಹೊರಟಳು. ಹಳ್ಳದ ದಂಡೆಯಲ್ಲಿ ಯಾರನ್ನೋ ಮಣ್ಣು ಮಾಡುತ್ತಿದ್ದ ದಿನ ನನ್ನನ್ನು ಕಂಡು, "ಇವತ್ತಿನಂಥ ದಿನ ಮಾತ್ರ ಅನಸ್ತೈತ್ರಿ ಸಾರ್, ಒಂದು ಸುಳ್ಳು ಹೇಳಿದ್ರ ಈತಗ ಜಾಗ ಸಿಗತಿತ್ತೇನೋ ಅಂತ" ಅಂದಳು. ನಾನೂ ಬಗ್ಗಿ ಒಂದು ಹಿಡಿ ಮಣ್ಣು ಹಾಕಿ ಬಂದೆ.

ನಿವೃತ್ತಿಗೆ ಒಂದು ತಿಂಗಳಿರುವಾಗ ಸುನೀತಾಳ ಅರ್ಜಿ ನನ್ನ ಲಾಗಿನ್ನಿಗೆ ಬಂತು. ಇಂಟರ್, ಅಂದರೆ ಪಿಯುಸಿ, ಮುಗಿಸಿದ್ದಳು, ಒಳ್ಳೇ ಮಾರ್ಕ್ಸು, ನರ್ಸಿಂಗಿಗೆ ಎಸ್.ಸಿ. ಕೋಟಾದಲ್ಲಿ ಸೀಟು ಸಿಗುವ ಹಾಗಿತ್ತು. ಅಜ್ಜಿಯ ಸರ್ಟಿಫಿಕೇಟು ರದ್ದಾದ ಮನೆ, ಹಾಗಾಗಿ ಹೊಸದಾಗಿ ವಿಚಾರಣೆ. ಹುಡುಗಿಗೆ ಹದಿನೆಂಟು ತುಂಬಿತ್ತು. ಆಕೆಯ ಹೇಳಿಕೆ ಆಕೆಯದೇ.

ಈ ಸಲ ತಳಾರಿಯನ್ನು ಕಳಿಸಲಿಲ್ಲ. ನಮೂನೆಯನ್ನೂ ಒಯ್ಯಲಿಲ್ಲ. ಅಜ್ಜಿ ಮೊಮ್ಮಗಳು ಇಬ್ಬರೂ ಶೇಂಗಾ ಬಿಡಿಸುತ್ತ ಕೂತಿದ್ದರು. ಎದುರಿಗೆ ಕೂತು, ನೌಕರಿಯಲ್ಲಿ ಮೊದಲ ಬಾರಿಗೆ, ನೇರವಾಗಿ ಕೇಳಿದೆ: "ನಿನ್ನ ಧರ್ಮ ಯಾವುದಮ್ಮ?"

ಸುನೀತಾ ಅಜ್ಜಿಯ ಮುಖ ನೋಡಿದಳು. ಹನುಮಕ್ಕ ಶೇಂಗಾದ ಮೇಲಿಂದ ಕಣ್ಣೆತ್ತಲಿಲ್ಲ. "ನನ್ನ ಯಾಕ ನೋಡ್ತಿ? ಸಾರ್ ಕೇಳಿದ್ದು ನಿನ್ನ" ಅಂದಳು.

ಸುನೀತಾ ಕೈಯಲ್ಲಿದ್ದ ಕಾಯಿ ಒಡೆದು ಬೀಜ ಬಿಡಿಸಿಟ್ಟಳು. ಆಮೇಲೆ ಹುಡುಗಿ, "ಹಿಂದೂ ಅಂತ ಬರಕೊಳ್ರಿ" ಅಂದಳು. ದನಿ ಕೇಳಿಸಿದ್ದೇ ಕಷ್ಟ.

ಬರೆದೆ. ಬರೆದದ್ದನ್ನೇ ಗಟ್ಟಿಯಾಗಿ ಓದಿ ಹೇಳಿದೆ. ಆಕೆ ತಾನೂ ಒಮ್ಮೆ ಓದಿ ಸಹಿ ಹಾಕಿದಳು. ಹನುಮಕ್ಕ ಎದ್ದು ಒಳಗೆ ಹೋಗಿ ನನಗೆ ಮಜ್ಜಿಗೆ ತಂದುಕೊಟ್ಟಳು. ಸಿಟ್ಟಿನ ಗುರುತು ಇರಲಿಲ್ಲ. "ಅವಳ ಬಾಳು ಅವಳದ್ರಿ. ನನ್ನ ಸಲುವಾಗಿ ಅವಳು ಯಾಕ ಕಳಕೋಬೇಕು" ಅಂದಳು. ಮಜ್ಜಿಗೆ ಕುಡಿದು ಹೊರಟೆ. ಕೊನೆಗೂ ಒಂದು ವಿಚಾರಣೆಯನ್ನು ಕ್ರಮವಾಗಿ ಮಾಡಿದೆ, ಕೇಳಿದೆ, ಹೇಳಿದ್ದನ್ನು ಬರೆದೆ, ಓದಿಸಿ ಸಹಿ ತೆಗೆದುಕೊಂಡೆ ಎಂಬ ಸಮಾಧಾನ ಇತ್ತು. ಹುಡುಗಿಗೆ ಸೀಟು ಸಿಕ್ಕಿತು ಎಂದು ತಿಳಿದಾಗ ಸಂತೋಷವಾಯಿತು. ಆ ಸಂತೋಷದಲ್ಲೇ ನಿವೃತ್ತನಾದೆ.

ಹೋದ ಬೇಸಿಗೆಯಲ್ಲಿ ಯಾರದೋ ಹದ್ದಿನ ಜಗಳ ಬಿಡಿಸಲು ಕರೆದರು ಎಂದು ಆ ಊರಿಗೆ ಹೋಗಿದ್ದೆ. ಭಾನುವಾರ. ಚರ್ಚಿನೊಳಗೆ ಹಾಡು ನಡೆಯುತ್ತಿತ್ತು. ಹೊರಗೆ, ಗೋಡೆಯ ನೆರಳಿನಲ್ಲಿ ಸುನೀತಾ ಒಬ್ಬಳೇ ಕೂತಿದ್ದಳು. ಕೋರ್ಸಿನ ಕೊನೆಯ ವರ್ಷವಂತೆ, ರಜೆಗೆ ಬಂದಿದ್ದಳು. ನನ್ನನ್ನು ಕಂಡು ಎದ್ದು ನಮಸ್ಕಾರ ಮಾಡಿದಳು. ಅಜ್ಜಿಗೆ ಈಗ ಮಂಡಿನೋವು, ಕೈ ಹಿಡಿದು ಕರೆತಂದು ಒಳಗೆ ಬಿಟ್ಟು, ಮುಗಿಯುವ ತನಕ ಇಲ್ಲಿ ಕಾಯುತ್ತೇನೆ ಅಂದಳು.

"ಬಿಸಿಲಾಗ ಯಾಕಮ್ಮ? ನೀನೂ ಒಳಗ ಕುಂತ್ಕೊಬಾರದೇನು?"

"ಸಹಿ ಹಾಕೀನಲ್ರಿ ಸಾರ್."

ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. "ಅದು ಸರ್ಟಿಫಿಕೇಟಿಗೆ ಮಾತ್ರಮ್ಮ. ಈಗ ಯಾರು ನೋಡ್ತಾರ? ಎಲ್ಲರೂ ಹಂಗ ಮಾಡ್ತಾರ" ಅಂದೆ.

"ನಮ್ಮಜ್ಜಿ ತಾನು ಹೇಳಿದ್ದಕ್ಕ ಸರ್ಪಂಚಗಿರಿ ಬಿಟ್ಟಳ್ರಿ. ನಾನು ಹೇಳಿದ್ದಕ್ಕ ಇಷ್ಟಾದರೂ ಬಿಡಬ್ಯಾಡೇನ್ರಿ?"

ಒಳಗೆ ಹಾಡು ನಿಂತು ಪ್ರಾರ್ಥನೆ ಶುರುವಾಯಿತು. ಆ ಹುಡುಗಿ ಮತ್ತೆ ಕೂತು, ವೇಲನ್ನು ತಲೆಯ ಮೇಲೆ ಎಳೆದುಕೊಂಡು, ಗೋಡೆಯ ಈಚೆಗೇ ಕಣ್ಣು ಮುಚ್ಚಿದಳು.